ಈ ಸಲ ನೀನೇ ಆರಿಸು

ಅವ್ವಿ,

ನಿನ್ನೆ ರಾತ್ರಿ ಫೋನಿನಲ್ಲಿ "ಈ ಸಲ ಲ್ಯಾಪ್‌ಟಾಪ್ ನನ್ನ ದುಡ್ಡಲ್ಲೇ ತಗೋತೀನಿ, ನೀನು ಅಂಗಡಿಗೆ ಬರಬೇಡ ಅಪ್ಪಾ" ಅಂದೆ. ನಾನು ಸಿಟ್ಟಾಗಿ ಫೋನ್ ಇಟ್ಟುಬಿಟ್ಟೆ. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳವೇ ಆಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ಸಲ ಲ್ಯಾಪ್‌ಟಾಪ್ ತಗೊಂಡ ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಆ ಅಂಗಡಿ ನನ್ನ ಕಣ್ಣ ಮುಂದೆಯೇ ಇದೆ. ನೀನು ಕೀಬೋರ್ಡ್ ಮೇಲೆ ಕೈ ಇಟ್ಟು, "ಇದರಲ್ಲಿ ಜಾಗ ಎಷ್ಟಿದೆ?" ಅಂತ ಕೇಳಿದೆ. "ಸುಮ್ನಿರು, ಅವರಿಗೆ ಗೊತ್ತಿರುತ್ತದೆ" ಅಂದೆ ನಾನು. ಅಂಗಡಿಯವರು ಮೊಬೈಲಿನಲ್ಲಿ ಅದರ ನಾಲ್ಕೂವರೆ ಸ್ಟಾರ್ ತೋರಿಸಿದರು, ನಾನು ದುಡ್ಡು ಎಣಿಸಿದೆ. ಬ್ಯಾಡಗಿ ಬರುವ ತನಕ ಬಸ್ಸಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಬಾಕ್ಸ್ ತೊಡೆ ಮೇಲಿಟ್ಟುಕೊಂಡು ಕಿಟಕಿ ಕಡೆ ನೋಡುತ್ತಿದ್ದೆ. ಖುಷಿಗೆ ಮಾತು ಬರುತ್ತಿಲ್ಲ ಅಂದುಕೊಂಡೆ.

30 ವರ್ಷದಿಂದ ಮೆಣಸಿನಕಾಯಿ ಖರೀದಿ ಮಾಡುತ್ತಿದ್ದೇನೆ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಚೀಲದ ಬಾಯಲ್ಲಿರುವ ಕಾಯಿ ನೋಡಿ ಎಂದೂ ರೇಟು ಹೇಳಿಲ್ಲ. ತಳದವರೆಗೆ ಕೈ ಹಾಕುತ್ತೇನೆ, ಮುರಿದು ನೋಡುತ್ತೇನೆ. ತೂಕಕ್ಕೆ ನೀರು ಹೊಡೆದಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಅಂಥವನು ಆ ದಿನ ಮಗಳ ಕೈ ತಡೆದೆ. ಈ ಸಂಗತಿ ನನ್ನನ್ನು ಬಿಡುತ್ತಿಲ್ಲ.

ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 4 ಜಿಬಿ ರ್ಯಾಮ್, ಫೈಲ್ ಇಡಲು 64 ಜಿಬಿಯ ಇಎಂಎಂಸಿ ಅನ್ನುವ ಚಿಪ್. ವಿಂಡೋಸ್ ಅಪ್‌ಡೇಟ್‌ಗಳೇ ಜಾಗ ನುಂಗಿದವು. ನೀನು ಸಿನಿಮಾ ತುಂಬಿ ಹಾಳು ಮಾಡಿದ್ದೀಯ ಅಂತ ಬೈದೆ. ಆಮೇಲೆ ರಿಪೇರಿಯವನು ಬಿಚ್ಚಿ, ಆ ಚಿಪ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಬದಲಿಸಲು ಬರುವುದಿಲ್ಲ ಅಂದ. ತಪ್ಪಾಯಿತು ಅಂತ ನಿನಗೆ ಅವತ್ತೇ ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ, ತಪ್ಪಾಯಿತು.

ಹೋದ ವಾರ ಆ ನಾಲ್ಕೂವರೆ ಸ್ಟಾರಿನ ರಿವ್ಯೂ ಕೂತು ಓದಿದೆ. "ಡೆಲಿವರಿ ಬೇಗ ಬಂತು" ಅನ್ನುವವರೇ ಜಾಸ್ತಿ. ಅದು ಕೊರಿಯರ್‌ನವನಿಗೆ ಕೊಟ್ಟ ಸ್ಟಾರ್, ಅಲ್ವಾ? ನೀನು ಆರು ತಿಂಗಳು ಬಳಸಿದವರು ಬರೆದದ್ದು ಹುಡುಕು. ಪರದೆ ಮಡಚುವ ಹಿಂಜ್ ಸಡಿಲವಾಯಿತಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಅವರಿಗೇ ಗೊತ್ತು. ಮೂರು ಸ್ಟಾರ್ ಕೊಟ್ಟವರು ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುತ್ತಾರೆ. ವಿಡಿಯೋದಲ್ಲಿ ರಿವ್ಯೂ ಮಾಡುವವರು ಕೆಳಗೆ ಕೊಡುವ ಲಿಂಕಿನಿಂದ ಎಷ್ಟೋ ಸಲ ಅವರಿಗೆ ಕಮಿಷನ್ ಸಿಗುತ್ತದೆ. ಕಮಿಷನ್ ತಗೊಂಡವರೆಲ್ಲ ಸುಳ್ಳು ಹೇಳುತ್ತಾರೆ ಅಂತಲ್ಲ, ಆದರೆ ಅದು ತಲೆಯಲ್ಲಿರಲಿ. ನೋಟ್‌ಬುಕ್‌ಚೆಕ್ ಅನ್ನುವ ವೆಬ್‌ಸೈಟಿನವರು ಪರದೆಯ ಬೆಳಕು, ಬಿಸಿ, ಸದ್ದು ಎಲ್ಲ ಅಳೆದು ಬರೆಯುತ್ತಾರೆ, ಅದನ್ನು ಓದು. ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ ದೇಶದ ಮಾನದಂಡ ಸಂಸ್ಥೆ ಬಿಐಎಸ್‌ನವರು 2022ರಲ್ಲಿ ಐಎಸ್ 19000 ಅನ್ನುವ ಮಾನದಂಡ ತಂದರು. ಆದರೆ ಕಂಪನಿಗಳು ಪಾಲಿಸಲೇಬೇಕು ಅನ್ನುವ ಕಡ್ಡಾಯ ಇಡಲಿಲ್ಲ. ಹಾಗಾಗಿ ಕಣ್ಣು ನಾವೇ ತೆರೆದಿರಬೇಕು.

ಮಾಡೆಲ್ ನಂಬರ್ ಪೂರ್ತಿ ಓದು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಪರದೆ, ಬೇರೆ ಬೇರೆ ರ್ಯಾಮ್ ಬರುತ್ತವೆ. ರ್ಯಾಮ್ 16 ಜಿಬಿ ಸಿಕ್ಕರೆ ಅದನ್ನೇ ತಗೋ. 8 ತಗೊಂಡರೆ ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯಾ ಕೇಳು. ಫೈಲ್ ಇಡುವ ಎಸ್‌ಎಸ್‌ಡಿ 512 ಜಿಬಿ ಇರಲಿ. ತೂಕ ನೋಡುವಾಗ ಚಾರ್ಜರನ್ನೂ ಸೇರಿಸಿ ನೋಡು, ದಿನಾ ಹೆಗಲಿಗೆ ಹಾಕಿಕೊಂಡು ಬಸ್ ಹತ್ತುವವಳು ನೀನು.

ನೋಡು, ಮತ್ತೆ ನಾನೇ ಆರಿಸಲು ಶುರು ಮಾಡಿದೆ.

ನಿನ್ನ ಸ್ಟೈಪೆಂಡ್ ದುಡ್ಡಿನಲ್ಲಿ ತಗೊಳ್ಳುತ್ತಿದ್ದೀಯ ಅಂತ ಮಾರ್ಕೆಟ್ಟಿನಲ್ಲಿ ನಾಲ್ಕು ಜನಕ್ಕೆ ಹೇಳಿದ್ದೇನೆ. ಬಿಲ್ ನಿನ್ನ ಹೆಸರಲ್ಲೇ ಇರಲಿ. ಹೊರಡುವಾಗ ಕತ್ತಲಾದರೆ ಆಟೋ ಮಾಡಿಕೊಂಡು ಹೋಗು. ತಗೊಂಡ ಮೇಲೆ ಒಂದು ಫೋಟೋ ಕಳಿಸು, ಬೆಲೆ ಕೇಳುವುದಿಲ್ಲ.

ಅವತ್ತು ಬಸ್ಸಿನಲ್ಲಿ ಏನು ಯೋಚನೆ ಮಾಡುತ್ತಿದ್ದೆ? ಮನಸ್ಸಾದಾಗ ಹೇಳು.

ನಿನ್ನ ಅಪ್ಪ