ಹೊರಡುವ ಮುಂಚೆ ವೀರಗಲ್ಲೂ ನೋಡಲಿ

ಸಂಪಾದಕರೇ,

ಶಿವಮೊಗ್ಗದಲ್ಲಿ ಓದುವ ನನ್ನ ಮೊಮ್ಮಗಳು ಕಾಲೇಜಿನವರ ಜೊತೆ ಬೆಲ್ಜಿಯಂ, ಫ್ರಾನ್ಸಿನಲ್ಲಿರುವ ಮೊದಲ ಮಹಾಯುದ್ಧದ ಸ್ಮಾರಕಗಳನ್ನು ನೋಡಲು ಹೊರಟಿದ್ದಾಳೆ. ‘ಸ್ಮಶಾನ ನೋಡೋಕೆ ಇಷ್ಟು ದುಡ್ಡು ಸುರೀಬೇಕಾ?’ ಎಂದು ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಹೋಗಲಿ ಬಿಡಿ ಎಂದವನು ನಾನೇ.

ಆದರೆ ಬೆಲ್ಜಿಯಂನ ಈಪ್ರ ಊರಿನ ಸ್ಮಾರಕ ದ್ವಾರ ಮೆನಿನ್ ಗೇಟಿನಲ್ಲಿ ದಿನಾ ರಾತ್ರಿ 8ಕ್ಕೆ ಮಡಿದವರ ನೆನಪಿಗೆ ಊದುವ ಕಹಳೆ ಕೇಳಿ, ಸೆಲ್ಫಿ ತೆಗೆದುಕೊಂಡು ಬಂದರೆ ಸಾಲದು ಅಲ್ವಾ? ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ, ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಮತ್ತು ಕಾರ್ಮಿಕರ ಹೆಸರುಗಳಿವೆ. ಅಲ್ಲಿ ಅರ್ಧ ದಿನವಾದರೂ ನಿಲ್ಲಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಮೇಲೆ ನುಗ್ಗಿ, ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದವರು ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್. ಮೊಮ್ಮಗಳಿಗೆ ಅದು ಗೊತ್ತೇ ಇರಲಿಲ್ಲ.

ಕಾಲೇಜಿನವರೇ, ಹೊರಡುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಸೊರಬ, ಶಿಕಾರಿಪುರದ ಕಡೆ ಕರೆತನ್ನಿ. ಇಲ್ಲಿ ವೀರಗಲ್ಲುಗಳಿಗೇನೂ ಬರವಿಲ್ಲ. ನಮ್ಮೂರ ಕೆರೆ ಏರಿಯ ಮೇಲೂ ಒಂದಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಈಗ ಅದಕ್ಕೆ ಎಮ್ಮೆ ಕಟ್ಟುತ್ತಾರೆ. ಹಗ್ಗ ಉಜ್ಜಿ ಉಜ್ಜಿ ಒಬ್ಬ ಅಪ್ಸರೆಯ ಮುಖವೇ ಸವೆದುಹೋಗಿದೆ.

– ನಿವೃತ್ತ ಮೇಷ್ಟ್ರು, ಸೊರಬ