ನಾಲ್ಕನೇ ಗಂಟೆಯ ಅಂಕಿ ಎಲ್ಲಿ?

ಇವರಿಗೆ,
ವ್ಯವಸ್ಥಾಪಕರು, ರೋಗನಿರ್ಣಯ ಕೇಂದ್ರ

ವಿಷಯ: ಅರ್ಧಕ್ಕೇ ನಿಲ್ಲಿಸಿದ ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನಿಗೆ (ತಿಂದದ್ದು ಜಠರದಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಅಳೆಯುವ ಪರೀಕ್ಷೆಗೆ) ‘ಸಹಜ’ ಎಂದು ವರದಿ ಕೊಟ್ಟಿರುವುದು

ಮಾನ್ಯರೇ,

ಮೂರು ವಾರಗಳಲ್ಲಿ ಆರು ಬಾರಿ ಕರೆ ಮಾಡಿದ್ದೇನೆ. ಆರು ಬಾರಿಯೂ ‘ವಿಚಾರಿಸಿ ತಿಳಿಸುತ್ತೇವೆ’ ಎಂದಿರಿ. ಯಾರೂ ತಿಳಿಸಲಿಲ್ಲ. ಮಾತಿನಲ್ಲಿ ಮುಗಿಯಬೇಕಿದ್ದುದು ಈಗ ಕಾಗದಕ್ಕೆ ಬಂದಿದೆ.

ಹನ್ನೊಂದು ತಿಂಗಳಿಂದ ಊಟವಾಗಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನನಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ತಿಂದದ್ದು ಸಂಜೆಯ ವಾಂತಿಯಲ್ಲಿ ಹಾಗೆಯೇ ಕಾಣಿಸಿಕೊಂಡದ್ದೂ ಉಂಟು. ಒಂಬತ್ತು ಕಿಲೋ ಇಳಿದಿದ್ದೇನೆ. ಎಂಡೋಸ್ಕೋಪಿಯಲ್ಲಿ ಹುಣ್ಣಾಗಲಿ ಅಡ್ಡಿಯಾಗಲಿ ಕಾಣಲಿಲ್ಲ, ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶದ ಕಲ್ಲಿಲ್ಲ, ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ರೋಗದ ರಕ್ತಪರೀಕ್ಷೆಯೂ ನೆಗೆಟಿವ್. ಜಠರವೇ ಆಹಾರವನ್ನು ಮುಂದಕ್ಕೆ ತಳ್ಳಲು ಸೋಲುತ್ತಿದೆಯೇ, ಅಂದರೆ ಗ್ಯಾಸ್ಟ್ರೋಪರೇಸಿಸ್ ಇದೆಯೇ ಎಂಬುದೊಂದು ನೋಡುವುದು ಬಾಕಿಯಿತ್ತು. ಅದನ್ನು ತಿಳಿಯಲೆಂದೇ ವೈದ್ಯರು ನನ್ನನ್ನು ನಿಮ್ಮಲ್ಲಿಗೆ ಕಳುಹಿಸಿದರು.

ನಿಮ್ಮ ಸೂಚನಾ ಹಾಳೆಯನ್ನು ಅಕ್ಷರಕ್ಷರ ಪಾಲಿಸಿದೆ. ಜಠರದ ಚಲನೆಗೆ ಕೊಟ್ಟಿದ್ದ ಮಾತ್ರೆಯನ್ನೂ ವಾಂತಿಯ ಮಾತ್ರೆಯನ್ನೂ ಎರಡು ದಿನ ಮೊದಲೇ ನಿಲ್ಲಿಸಿದೆ. ಆ ಎರಡು ದಿನ ನಾನು ಹೇಗಿದ್ದೆ ಎಂಬುದು ಮನೆಯವರಿಗೆ ಗೊತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಕುಳಿತೆ. ಕ್ಯಾಮೆರಾಕ್ಕೆ ಕಾಣಲೆಂದು ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಬೆರೆಸಿದ ಮೊಟ್ಟೆಯ ಬಿಳಿ, ಎರಡು ಹೋಳು ಬ್ರೆಡ್ಡು, ಜಾಮು, 120 ಮಿಲಿಲೀಟರ್ ನೀರು ಕೊಟ್ಟಿರಿ. ಹತ್ತು ನಿಮಿಷದಲ್ಲಿ ಮುಗಿಸಬೇಕು, ಅರ್ಧ ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ ಎಂದಿರಿ. ಊಟವೆಂದರೆ ಹೆದರುವ ಹೊಟ್ಟೆಗೆ ಅದು ಚಿಕ್ಕ ತಟ್ಟೆಯಲ್ಲ. ಕೊನೆಯ ಹೋಳನ್ನು ಅಗಿಯಲಾಗದೆ ನೀರಿನ ಜೊತೆ ನುಂಗಿದೆ. ತಟ್ಟೆ ಹಿಂದಿರುಗಿಸುವಾಗ ಅಂಗೈ ಬೆವರಿ ಜಾರುತ್ತಿತ್ತು.

ತಿಂದ ಕೂಡಲೇ ಒಂದು ಚಿತ್ರ, ಆಮೇಲೆ ಒಂದು, ಎರಡು ಮತ್ತು ನಾಲ್ಕನೇ ಗಂಟೆಗೆ ಚಿತ್ರ ಎಂದು ನಿಮ್ಮ ಹಾಳೆಯಲ್ಲೇ ಮುದ್ರಿಸಿದೆ. ಎರಡನೇ ಗಂಟೆಯ ಚಿತ್ರವಾದ ಮೇಲೆ ನಿಮ್ಮ ತಂತ್ರಜ್ಞರು, “ಆಯಿತು, ಇನ್ನು ಹೊರಡಿ” ಎಂದರು.

“ನಾಲ್ಕನೇ ಗಂಟೆಯದು?” ಎಂದು ಕೇಳಿದೆ.

“ಬೇಕಾಗಿಲ್ಲ.”

ನಾನು ಹಾಳೆ ಮಡಚಿ ಇಟ್ಟುಕೊಂಡಿದ್ದೆ. ತೆಗೆದು, ಬಿಡಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ನೀವೇನು ಡಾಕ್ಟರೇ?” ಎಂದರು. ಅಲ್ಲ ಎಂದೆ. “ಹಾಗಾದರೆ ನಮ್ಮ ಕೆಲಸ ನಮಗೆ ಬಿಡಿ. ಹೊರಗೆ ಇನ್ನೂ ಮೂವರು ಕಾದಿದ್ದಾರೆ.” ಬಾಗಿಲು ತೆರೆದೇ ಇತ್ತು. ಆ ಮೂವರೂ ತಲೆಯೆತ್ತಿ, ಅವರ ಸಮಯವನ್ನು ನಾನು ಕದಿಯುತ್ತಿದ್ದೇನೆ ಎಂಬಂತೆ ನೋಡಿದರು. ಆ ಹೊತ್ತಿಗೆ ನೋವು ಏರಿತ್ತು. ಗೋಡೆ ಹಿಡಿದುಕೊಂಡು ನಿಂತು, “ದಯವಿಟ್ಟು ಯಾರನ್ನಾದರೂ ಒಮ್ಮೆ ಕೇಳಿ” ಎಂದೆ. ಅವರು ಕ್ಯಾಮೆರಾದ ಹಾಸಿಗೆಗೆ ಹೊಸ ಬಟ್ಟೆ ಹಾಸತೊಡಗಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ವರದಿ ಪಡೆಯಲು ಬಂದಾಗ ಕೌಂಟರಿನವರು ಲಕೋಟೆಯನ್ನು ತಾವೇ ತೆರೆದು, ಅಲ್ಲಿ ಕಾದಿದ್ದವರಿಗೆಲ್ಲ ಕೇಳುವಂತೆ, “ಎಲ್ಲ ನಾರ್ಮಲ್ ಇದೆಯಲ್ಲ, ಇನ್ನೇಕೆ ಮುಖ ಸಪ್ಪಗೆ?” ಎಂದರು. ನಾಲ್ಕನೇ ಗಂಟೆಯ ಅಂಕಿ ಕೇಳಿದೆ. “ನಾರ್ಮಲ್ ಬಂದರೆ ಎಲ್ಲರಿಗೂ ಸಂತೋಷ, ನಿಮಗೆ ಮಾತ್ರ ಕಾಯಿಲೆ ಬೇಕೇ ಬೇಕು. ಒಮ್ಮೆ ಮನೋವೈದ್ಯರನ್ನು ಕಾಣಿ” ಎಂದರು. ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಆ ಸಲಹೆ ಕೊಡಬೇಕಾದವರು ನನ್ನ ವೈದ್ಯರು, ಲಕೋಟೆ ಕೊಡುವವರಲ್ಲ. ನನಗೆ ಕಾಯಿಲೆ ಬೇಕಿಲ್ಲ. ಇರುವ ಕಾಯಿಲೆಗೊಂದು ಹೆಸರು ಬೇಕು.

ನಿಮ್ಮ ವರದಿಯ ಪ್ರಕಾರ ಒಂದನೇ ಗಂಟೆಗೆ ಶೇಕಡ 83ರಷ್ಟು, ಎರಡನೇ ಗಂಟೆಗೆ ಶೇಕಡ 58ರಷ್ಟು ಆಹಾರ ನನ್ನ ಜಠರದಲ್ಲೇ ಉಳಿದಿತ್ತು. ಎರಡನೇ ಗಂಟೆಯ ಮಿತಿ ಶೇಕಡ 60. ಅಂದರೆ ನಾನು ಅಂಚಿನಲ್ಲಿದ್ದೆ. ನಾಲ್ಕನೇ ಗಂಟೆಗೆ ಶೇಕಡ 10ಕ್ಕಿಂತ ಹೆಚ್ಚು ಉಳಿದಿದ್ದರೆ ಅದು ನಿಧಾನ ಎಂದು ಈ ಕ್ಷೇತ್ರದ ತಜ್ಞರ ಸಂಘಗಳು 2008ರಲ್ಲೇ ಒಮ್ಮತಕ್ಕೆ ಬಂದಿವೆ. ಎರಡು ಗಂಟೆಗೆ ಸಹಜವೆಂದು ಕಂಡು ನಾಲ್ಕು ಗಂಟೆಗೆ ಸಿಕ್ಕಿಬೀಳುವ ರೋಗಿಗಳಿರುವುದರಿಂದಲೇ ಅಷ್ಟು ಹೊತ್ತು ಕಾಯುವುದು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಹಾಳೆ ಬರೆದವರಿಗೆ ಗೊತ್ತಿದೆ.

ಅಳೆಯದೇ ಇದ್ದ ಜಾಗದಲ್ಲಿ ‘ಸಹಜ’ ಎಂದು ಬರೆದಿರಿ. ‘ಪರೀಕ್ಷೆ ಅಪೂರ್ಣ’ ಎಂದು ಬರೆದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ಒಂದು ಪದ ನೋಡಿ ನನ್ನ ಕುಟುಂಬವೂ ‘ಹೊಟ್ಟೆಯಲ್ಲಿ ಏನೂ ಇಲ್ಲವಂತೆ’ ಎಂದು ಮಾತಾಡಿಕೊಳ್ಳಲು ಶುರುಮಾಡಿತು. ವೈದ್ಯರು ಮಾತ್ರ ವರದಿಯನ್ನು ತಿರುವಿ ಹಾಕಿ, “ನಾಲ್ಕನೆಯದು ಎಲ್ಲಿ? ಇದರಿಂದ ನಾನು ಏನನ್ನೂ ಹೇಳಲಾರೆ” ಎಂದರು. ಈಗ ಮತ್ತೆ ಮಾತ್ರೆ ನಿಲ್ಲಿಸಬೇಕು, ಮತ್ತೆ ಆ ತಟ್ಟೆ, ಮತ್ತೆ ವಿಕಿರಣ. ವಿಕಿರಣದ ಪ್ರಮಾಣ ಅಲ್ಪವೇ ಇರಬಹುದು, ಆದರೆ ನಿಮ್ಮ ಆತುರಕ್ಕಾಗಿ ಎರಡನೇ ಸಲ ಅದನ್ನು ನನ್ನ ದೇಹ ಏಕೆ ಹೊರಬೇಕು?

ವರದಿಯನ್ನು ಹಿಂಪಡೆದು, ‘ಎರಡು ಗಂಟೆಗೆ ನಿಲ್ಲಿಸಲಾಗಿದೆ, ಅಪೂರ್ಣ’ ಎಂದು ತಿದ್ದಿ, ಸಹಿ ಮಾಡಿ ಕೊಡಿ. ತೆಗೆದ ಅಷ್ಟೂ ಚಿತ್ರಗಳ ಮೂಲಪ್ರತಿ ಕೊಡಿ. ಕಟ್ಟಿದ ಹಣ ಹಿಂದಿರುಗಿಸಿ. ಏಳು ದಿನ ಕಾಯುತ್ತೇನೆ. ಎಂಟನೇ ದಿನ ಈ ಪತ್ರ, ನಿಮ್ಮ ಸೂಚನಾ ಹಾಳೆ ಮತ್ತು ವರದಿ, ಮೂರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ವರದಿಗೆ ಸಹಿ ಹಾಕಿದ ವೈದ್ಯರ ಮೇಲೆ ವೈದ್ಯಕೀಯ ಪರಿಷತ್ತಿಗೆ ಪ್ರತ್ಯೇಕ ದೂರು ಹೋಗುತ್ತದೆ. ನನಗಿಂತ ಮೊದಲು ಎಷ್ಟು ಜನರನ್ನು ಎರಡನೇ ಗಂಟೆಗೇ ಎಬ್ಬಿಸಿ ಕಳುಹಿಸಿ ‘ಸಹಜ’ ಎಂದು ಬರೆದುಕೊಟ್ಟಿದ್ದೀರಿ ಎಂಬ ಲೆಕ್ಕವನ್ನೂ ಅಲ್ಲಿ ಕೇಳುತ್ತೇನೆ.

ಉಚಿತವಾಗಿ ಮರುಪರೀಕ್ಷೆ ಮಾಡಿಕೊಡುತ್ತೇವೆ ಎಂದು ಕರೆ ಮಾಡಬೇಡಿ. ನಿಮ್ಮ ಬಾಗಿಲಿಗೆ ನಾನು ಮತ್ತೆ ಬರುವುದಿಲ್ಲ.

ಇತಿ,
ನಿಮ್ಮ ಪ್ರಕಾರ ಏನೂ ಆಗಿಲ್ಲದ ರೋಗಿ