ಶೆವ್ರೆಟ್ ಎಂದವರಿಗೂ ಅದನ್ನು ತಿದ್ದದವರಿಗೂ ನಮಸ್ಕಾರ

ಅಮೆರಿಕದ ಲೂಯಿಸಿಯಾನ ರಾಜ್ಯದ ದಕ್ಷಿಣದಂಚಿನಲ್ಲಿ, ನೆಲ ಮುಗಿದು ಜೌಗು ಶುರುವಾಗುವಲ್ಲಿ, ಪ್ವಾಂತ್-ಒ-ಶಿಯಾಂ ಎಂಬ ಊರಿದೆ. ಸೀಗಡಿ, ಮೀನು ಹಿಡಿದು ಬದುಕಿದ ಮೂಲನಿವಾಸಿಗಳ ಊರು. ಅಲ್ಲಿನ ಹಿರಿಯರ ಮನೆಮಾತು ಫ್ರೆಂಚ್. 2021ರಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೆಂದು ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಮುಚ್ಚಿದರು. ಅದೇ ಆಗಸ್ಟ್ 29ರಂದು ಐಡಾ ಚಂಡಮಾರುತ ಬಂದು ಮನೆಗಳನ್ನೇ ಕೆಡವಿತು. ಅಲ್ಲಿಗೆ ಕಥೆ ಮುಗಿಯಿತೆಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಊರಿನವರು ಅಂದುಕೊಳ್ಳಲಿಲ್ಲ. 2022ರಲ್ಲಿ ಅವರಿಗೆಂದೇ ಒಂದು ಫ್ರೆಂಚ್ ಶಾಲೆ ತೆರೆಯುವ ಕಾನೂನು ರಾಜ್ಯದ ಶಾಸನಸಭೆಯಲ್ಲಿ ಆಯಿತು. 2023ರ ಆಗಸ್ಟಿನಲ್ಲಿ ಹತ್ತಿರದ ಒಂದು ತಾತ್ಕಾಲಿಕ ಜಾಗದಲ್ಲಿ, ಬೆರಳೆಣಿಕೆಯ ಪುಟಾಣಿಗಳೊಂದಿಗೆ ಪಾಠ ಶುರುವಾಯಿತು.

ಭಾಷೆಗಳ ಅಳಿವು-ಉಳಿವಿನ ಬೆನ್ನು ಹತ್ತಿದ ನಮ್ಮಂಥವರಿಗೆ ಇದು ಹಬ್ಬದ ಸುದ್ದಿ. ಈ ಹಬ್ಬಕ್ಕೆ ಕಾರಣರಾದವರಿಗೆ ಕನ್ನಡದಲ್ಲೊಂದು ಧನ್ಯವಾದ ಬರೆದಿಡಬೇಕು ಅನ್ನಿಸಿತು.

ಮೊದಲ ನಮಸ್ಕಾರ, ಏಟು ತಿಂದೂ ಮಾತು ಬಿಡದವರಿಗೆ. 1755ರಲ್ಲಿ ಬ್ರಿಟಿಷರು ಇಂದಿನ ಕೆನಡಾದ ನೋವಾ ಸ್ಕೋಶಿಯಾದಿಂದ ಹೊರದಬ್ಬಿದ, ಫ್ರೆಂಚ್ ಆಡುವ ಅಕೇಡಿಯನ್ ರೈತರು, ಅಲೆದಲೆದು 1764ರಿಂದೀಚೆಗೆ ಲೂಯಿಸಿಯಾನ ಸೇರಿದರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಇಂಥವರೇ ಸುಮಾರು 1,600 ಮಂದಿ ಬಂದಿಳಿದರು. ಇವರ ಪೀಳಿಗೆಯೇ ಕೇಜನ್ ಜನ. ಆದರೆ ಅಲ್ಲಿನ ಫ್ರೆಂಚ್ ಇವರೊಬ್ಬರ ಸೊತ್ತಲ್ಲ. ಅವರಿಗಿಂತ ಮೊದಲೇ ನೆಲೆಸಿದ, ಕ್ರಿಯೋಲರು ಎನ್ನಿಸಿಕೊಂಡ ವಸಾಹತುಗಾರರ ಪೀಳಿಗೆ, ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು, ಮೂಲನಿವಾಸಿಗಳು ಎಲ್ಲರೂ ಅದನ್ನು ಆಡಿದರು, ಬೆಳೆಸಿದರು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನಷ್ಟೇ ಉಳಿಸಿತು. ಮನೆಯಲ್ಲಿ ಇಂಗ್ಲಿಷಿನ ಒಂದಕ್ಷರ ಕೇಳದ ಮಗು, ಮೂತ್ರಕ್ಕೆ ಹೋಗಲು ಫ್ರೆಂಚಿನಲ್ಲಿ ಅನುಮತಿ ಕೇಳಿದರೂ ಶಿಕ್ಷೆ. ಶಾಲೆಯ ಆವರಣದಲ್ಲಿ ಫ್ರೆಂಚ್ ಮಾತಾಡುವುದಿಲ್ಲ ಎಂದು ಸಾಲುಸಾಲಾಗಿ ಬರೆಸುತ್ತಿದ್ದರು. ಕಾಳಿನ ಮೇಲೆ ಮಂಡಿಯೂರಿಸಿದ್ದೂ ಉಂಟು.

ಆ ಮಕ್ಕಳು ಫ್ರೆಂಚ್ ಮರೆಯಲಿಲ್ಲ. ದೊಡ್ಡವರಾಗಿ ತಮ್ಮತಮ್ಮೊಳಗೆ ಅದನ್ನೇ ಆಡಿಕೊಂಡರು. ತಮ್ಮ ಮಕ್ಕಳೊಂದಿಗೆ ಮಾತ್ರ ಇಂಗ್ಲಿಷ್ ಆಡಿದರು, ಮಕ್ಕಳಿಗೂ ಆ ಗತಿ ಬಾರದಿರಲಿ ಎಂದು. ಅವರನ್ನು ದೂರುವ ಮನಸ್ಸು ನಮಗಿಲ್ಲ. ಆದರೆ ಭಾಷೆ ತುಂಡಾದದ್ದು ಸರಿಯಾಗಿ ಆ ಜಾಗದಲ್ಲಿ, ತಾಯಿ-ಮಗುವಿನ ನಡುವೆ. 1990ರ ಜನಗಣತಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚಿದ್ದ ಫ್ರೆಂಚ್ ಮಾತುಗಾರರು ಹತ್ತೇ ವರ್ಷಕ್ಕೆ ಎರಡು ಲಕ್ಷಕ್ಕಿಂತ ಕೆಳಗಿಳಿದರು. ಅಜ್ಜ-ಅಜ್ಜಿಯರು ತೀರಿಕೊಂಡಂತೆ ಸಂಖ್ಯೆ ಇಳಿಯಿತು, ತುಂಬಿಕೊಡುವ ಮಕ್ಕಳಿರಲಿಲ್ಲ.

ಎರಡನೆಯ ನಮಸ್ಕಾರ, ಫ್ರೆಂಚ್ ಬೆಳೆಸಲೆಂದು 1968ರಲ್ಲಿ ಹುಟ್ಟಿದ ಕೋಡೋಫಿಲ್ ಎಂಬ ಸರ್ಕಾರಿ ಮಂಡಳಿಗೂ ಅದನ್ನು ಕಟ್ಟಿದ ಮಾಜಿ ಸಂಸದ ಜೇಮ್ಸ್ ಡೊಮೆಂಜೊ ಅವರಿಗೂ. ಫ್ರಾನ್ಸ್, ಬೆಲ್ಜಿಯಂ, ಕೆನಡಾದ ಕ್ವೆಬೆಕ್‌ಗಳಿಂದ ಅವರು ಶಿಕ್ಷಕರನ್ನು ಕರೆಸಿದರು. ಆ ಶಿಕ್ಷಕರು ಬರದಿದ್ದರೆ ತರಗತಿಯೇ ಇರುತ್ತಿರಲಿಲ್ಲ. ಹಾಗಿದ್ದೂ ಮೊದಲ ವರ್ಷಗಳಲ್ಲಿ ಒಂದು ತಪ್ಪಾಯಿತು. ಅದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮ ಅತಿ ದೊಡ್ಡ ಕೃತಜ್ಞತೆ ಆ ತಪ್ಪನ್ನು ಸರಿಪಡಿಸಿದವರಿಗೇ ಸಲ್ಲಬೇಕು.

ಸೀಗಡಿಗೆ ಪ್ಯಾರಿಸಿನ ಪುಸ್ತಕದಲ್ಲಿ ‘ಕ್ರೆವೆಟ್’ ಎಂದಿದೆ. ಲೂಯಿಸಿಯಾನದ ಅಜ್ಜಿ ‘ಶೆವ್ರೆಟ್’ ಅನ್ನುತ್ತಾಳೆ. ಕಾರಿಗೆ ಪುಸ್ತಕದಲ್ಲಿ ‘ವ್ವಾತ್ಯೂರ್’, ಅಜ್ಜಿಯ ಬಾಯಲ್ಲಿ ‘ಶಾರ್’. ಈಗ ಅನ್ನಲು ‘ಮೆಂತ್ನಾಂ’ ಬದಲು ‘ಆಸ್ತರ್’. ಸೊಳ್ಳೆ ‘ಮಾರಿಂಗ್ವೆಂ’. ಶಾಲೆಯಲ್ಲಿ ಪುಸ್ತಕದ ಮಾತನ್ನಷ್ಟೇ ಕಲಿತ ಮಗು ಮನೆಗೆ ಬಂದು, “ಅಜ್ಜಿ, ಅದು ಶೆವ್ರೆಟ್ ಅಲ್ಲ, ಕ್ರೆವೆಟ್” ಎಂದರೆ ಏನಾದೀತು? ಚಿಕ್ಕಂದಿನಲ್ಲಿ ಇಂಗ್ಲಿಷಿಗಾಗಿ ಬೈಸಿಕೊಂಡವಳು ಮುಪ್ಪಿನಲ್ಲಿ ಫ್ರೆಂಚಿಗಾಗಿಯೂ ತಿದ್ದಿಸಿಕೊಂಡು ಬಾಯಿ ಮುಚ್ಚುತ್ತಾಳೆ. ಮಗುವಿಗೆ ಮನೆಯಲ್ಲಿ ಮಾತಾಡಲು ಇದ್ದ ಒಬ್ಬರೂ ಇಲ್ಲವಾಗುತ್ತಾರೆ. ಭಾಷೆ ತರಗತಿಯಲ್ಲೇ ಉಳಿದು ಗಂಟೆ ಬಾರಿಸಿದ ಕೂಡಲೇ ನಿಂತುಹೋಗುತ್ತದೆ.

ಆದ್ದರಿಂದ ಕ್ರೆವೆಟ್, ಶೆವ್ರೆಟ್ ಎರಡನ್ನೂ ಮಕ್ಕಳಿಗೆ ಹೇಳಿಕೊಟ್ಟು, ಒಂದು ದೂರದವರಿಗೆ ಅರ್ಥವಾಗಲಿಕ್ಕೆ, ಇನ್ನೊಂದು ಮನೆಯವರ ಜೊತೆಗೆ ಎಂದ ಪ್ರತಿಯೊಬ್ಬ ಶಿಕ್ಷಕರಿಗೂ ನಮ್ಮ ಕೈಮುಗಿತ. ಹಳ್ಳಿಹಳ್ಳಿ ಸುತ್ತಿ ಹಿರಿಯರ ಮಾತು ಧ್ವನಿಮುದ್ರಿಸಿದವರಿಗೂ. ಆ ದುಡಿಮೆಯಿಂದ 2010ರಲ್ಲಿ ಲೂಯಿಸಿಯಾನ ಫ್ರೆಂಚಿನ ದೊಡ್ಡ ನಿಘಂಟು ಬಂತು. ಯಾವ ಪದ ಯಾವ ಜಿಲ್ಲೆಯಲ್ಲಿ ಸಿಕ್ಕಿತು ಎಂದು ಅದರಲ್ಲಿ ಗುರುತಿದೆ. ಪ್ಯಾರಿಸಿನಿಂದ ಮೊನ್ನೆ ಬಂದ ಶಿಕ್ಷಕಿಗೂ ತಾನಿರುವ ಊರಿನಲ್ಲಿ ಏನನ್ನುತ್ತಾರೆ ಎಂದು ತೆರೆದು ನೋಡಲು ಈಗ ಒಂದು ಆಧಾರವಿದೆ.

ಮುಂದಿನ ಧನ್ಯವಾದ, ಸಹಿ ಸಂಗ್ರಹಿಸಿದ ತಂದೆತಾಯಂದಿರಿಗೆ. ಇದು ಹೇಗೆ ನಡೆಯುತ್ತದೆಂದು ತಿಳಿದರೆ ಅವರ ಶ್ರಮ ಅರ್ಥವಾಗುತ್ತದೆ. 2013ರ ರಾಜ್ಯ ಕಾನೂನಿನ ಪ್ರಕಾರ ಒಂದು ಶಾಲಾ ಜಿಲ್ಲೆಯಲ್ಲಿ ಕನಿಷ್ಠ 25 ಪುಟಾಣಿಗಳ ಪೋಷಕರು ಲಿಖಿತವಾಗಿ ಕೇಳಿದರೆ, ಅರ್ಹ ಶಿಕ್ಷಕರೂ ಸಿಕ್ಕರೆ, ಶಾಲಾ ಮಂಡಳಿ ಫ್ರೆಂಚ್ ಇಮ್ಮರ್ಶನ್ ತರಗತಿ ತೆರೆಯಬೇಕು. ಅಂದರೆ ಗಣಿತ, ವಿಜ್ಞಾನ, ಸಮಾಜ ಎಲ್ಲ ಫ್ರೆಂಚಿನಲ್ಲಿ. ಇಂಗ್ಲಿಷ್ ಓದು-ಬರಹ ಮಾತ್ರ ಇಂಗ್ಲಿಷಿನಲ್ಲಿ. ಪೋಷಕರಿಗೆ ಫ್ರೆಂಚ್ ಬರಬೇಕೆಂದಿಲ್ಲ. ಆದರೆ ಮಗುವನ್ನು ಆರಂಭದಲ್ಲೇ ಸೇರಿಸಬೇಕು. ಮೂರನೇ ತರಗತಿಗೆ ಹೊಸದಾಗಿ ಬಂದ ಮಗುವಿಗೆ ಭಾಗಾಕಾರವೂ ಹೊಸದು, ಅದನ್ನು ಹೇಳುವ ಭಾಷೆಯೂ ಹೊಸದು, ಎರಡೂ ಕೈತಪ್ಪುತ್ತವೆ. ಹಾಗಾಗಿ ನಡುವೆ ಬಿಟ್ಟುಹೋದ ಮಕ್ಕಳ ಜಾಗ ತುಂಬುವುದಿಲ್ಲ, ಮೇಲಿನ ತರಗತಿಗಳು ಸಣ್ಣದಾಗುತ್ತ ಹೋಗುತ್ತವೆ. ಇನ್ನೊಂದು ತೊಡಕು ವೀಸಾ. ಹೊರದೇಶದ ಶಿಕ್ಷಕರಿಗೆ ಸಾಮಾನ್ಯವಾಗಿ ಸಿಗುವುದು ಮೂರು ವರ್ಷ, ವಿಸ್ತರಿಸಿದರೆ ಐದು. ಊರಿನ ಮಾತು ಕಿವಿಗೆ ಕೂರುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕು. ಇಷ್ಟೆಲ್ಲ ಗೊತ್ತಿದ್ದೂ ಮನೆಮನೆ ತಿರುಗಿ ಇಪ್ಪತ್ತೈದು ಸಹಿ ಕೂಡಿಸಿದವರು ದೊಡ್ಡವರು. ನೋವಾ ಸ್ಕೋಶಿಯಾದ ಸೇಂಟ್ ಆನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಐದು ವಾರ ಇಂಗ್ಲಿಷ್ ಆಡದೆ ಕಲಿತು, ವಾಪಸು ಬಂದು ಕಲಿಸಲು ನಿಂತ ಲೂಯಿಸಿಯಾನದ ತರುಣ ತರುಣಿಯರೂ ಅಷ್ಟೇ ದೊಡ್ಡವರು.

ಈಗ ಪ್ವಾಂತ್-ಒ-ಶಿಯಾಂಗೆ ಮರಳಿ. ಆ ಕಡೆಯ ಮೂಲನಿವಾಸಿ ಮಕ್ಕಳನ್ನು ಬಿಳಿಯರ ಶಾಲೆಗಳಿಗೆ 1960ರ ದಶಕದವರೆಗೆ ಸೇರಿಸಿಕೊಳ್ಳಲಿಲ್ಲ. ಆ ಅನ್ಯಾಯದಿಂದ ಇಂಗ್ಲಿಷ್ ಅಲ್ಲಿಗೆ ತಡವಾಗಿ ಬಂತು. ಬೇರೆಡೆ ಸೊರಗಿದ ಫ್ರೆಂಚ್ ಅಲ್ಲಿ ಒಂದು ತಲೆಮಾರು ಹೆಚ್ಚು ಬಾಳಿತು. ಈ ಭಾಗದ ಮಾತಿಗೆ ಅದರದೇ ಗುರುತಿದೆ: ಫ್ರೆಂಚಿನ ‘ಝ’ದಂಥ ಸದ್ದು ಇಲ್ಲಿ ‘ಹ’ ಆಗುತ್ತದೆ. ಎಂದಿಗೂ ಇಲ್ಲ ಎಂಬ ಅರ್ಥದ ‘ಝಮೆ’ ಇವರ ಬಾಯಲ್ಲಿ ‘ಹಮೆ’. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದದ್ದನ್ನು ಬಲ್ಲವರು ಇದನ್ನು ಅಶುದ್ಧ ಉಚ್ಚಾರಣೆ ಎನ್ನಲಾರರು.

ಈ ‘ಹ’ಕಾರ ಉಳಿಯಬೇಕಾದರೆ ಆಡುವವರು ಒಂದೆಡೆ ಇರಬೇಕು, ಕಾಲ ಕೆಳಗೆ ನೆಲ ಇರಬೇಕು. ಮಿಸಿಸಿಪ್ಪಿ ನದಿಗೆ ಕಟ್ಟಿದ ಒಡ್ಡುಗಳಿಂದ ಹೊಸ ಹೂಳು ಜೌಗಿಗೆ ತಲುಪುತ್ತಿಲ್ಲ. ತೈಲ ಕಂಪನಿಗಳು ತೋಡಿದ ಕಾಲುವೆಗಳಿಂದ ಉಪ್ಪುನೀರು ಒಳನುಗ್ಗಿ, ಬೇರು ಸತ್ತ ಹುಲ್ಲು ಮಣ್ಣನ್ನು ಹಿಡಿಯದೆ ಕಳಚಿಕೊಳ್ಳುತ್ತದೆ. 1932ರಿಂದ 2010ರೊಳಗೆ ಲೂಯಿಸಿಯಾನದ ಕರಾವಳಿ ಕಳೆದುಕೊಂಡದ್ದು ಸುಮಾರು 4,900 ಚದರ ಕಿಲೋಮೀಟರ್. ಜನ ಮೇಲ್ಬಯಲಿನ ಪೇಟೆಗಳಿಗೆ ಚದುರಿದರೆ ಪಕ್ಕದ ಮನೆಯವರು ಇಂಗ್ಲಿಷಿನವರು. ಚಂಡಮಾರುತ ಮುಗಿದ ಮೇಲೆ ಊರು ಬಿಡದೆ, ಮುರಿದ ಮನೆಯನ್ನು ಎತ್ತರದ ಕಂಬಗಳ ಮೇಲೆ ಮತ್ತೆ ನಿಲ್ಲಿಸಿದವರಿಗೆ ಅದಕ್ಕೇ ಬೇರೆಯೇ ಆದ ವಂದನೆ.

ಲೂಯಿಸಿಯಾನದಲ್ಲಿ ವ್ಯಾಪಾರ ಮುಗಿದ ಮೇಲೆ ಅಂಗಡಿಯವರು ಒಂದಿಷ್ಟು ಹೆಚ್ಚಿಗೆ ಹಾಕುವುದಕ್ಕೆ ‘ಲಾನ್ಯಾಪ್’ ಅನ್ನುತ್ತಾರೆ. ನಮ್ಮ ಸಂತೆಯ ಕೊಸರು. ಹಾಗೊಂದು ಕೊಸರು ಧನ್ಯವಾದ, ಅಕಾರ್ಡಿಯನ್ ಮಾಡುವವರಿಗೆ. ಕೇಜನ್ ಅಕಾರ್ಡಿಯನ್ನಿಗೆ ಬಲಗೈ ಕಡೆ ಹತ್ತೇ ಗುಂಡಿ. ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಪ್ರತಿ ಸ್ವರಕ್ಕೂ ನಾಲ್ಕು ಲೋಹದ ನಾಲಿಗೆ, ಆ ಕಡೆಯೇ ಒಟ್ಟು 80. ಜರ್ಮನಿಯಿಂದ ಬರುತ್ತಿದ್ದ ವಾದ್ಯಗಳು ಎರಡನೇ ಮಹಾಯುದ್ಧದಲ್ಲಿ ನಿಂತಾಗ, ಲೇಕ್ ಚಾರ್ಲ್ಸ್‌ನ ಸಿಡ್ನಿ ಬ್ರೌನ್ ಹಳೆಯವನ್ನು ಬಿಚ್ಚಿ ನೋಡಿ ಸ್ವತಃ ಮಾಡಲು ಕೂತರು. ಅವರ ದಾರಿ ಹಿಡಿದವರು ಇಂದಿಗೂ ಒಂದೊಂದು ನಾಲಿಗೆಯನ್ನೂ ಅರದಿಂದ ಉಜ್ಜಿ ಶ್ರುತಿ ಕೂಡಿಸುತ್ತಾರೆ. ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ; ಹೆಚ್ಚು ಉಜ್ಜಿದರೆ ನಾಲಿಗೆ ತೆಳುವಾಗಿ ಕೆಟ್ಟೇಹೋಗುತ್ತದೆ. ಫ್ರೆಂಚ್ ಬಾರದ ಮಕ್ಕಳೂ ಈ ವಾದ್ಯದ ಜೊತೆಗೆ ಫ್ರೆಂಚ್ ಹಾಡಿನ ಸಾಲುಗಳನ್ನು ಬಾಯಿಪಾಠ ಮಾಡಿದರು. ಪಕ್ಕದಲ್ಲಿ ತಾಳ ಹಾಕುವ ‘ತಿ-ಫೆರ್’ ಎಂಬ ಮುಕ್ಕೋನದ ಕಬ್ಬಿಣವನ್ನು, ಹುಲ್ಲು ಬಾಚುವ ಹಳೆಯ ಯಂತ್ರದ ಹಲ್ಲು ಬಗ್ಗಿಸಿ ಮಾಡುತ್ತಿದ್ದರು.